ಲಗಾಮು ಹಿಡಿದ ತಪ್ಪಿಗೆ

ಹೋದ ತಿಂಗಳು ಒಂದು ಮಂಗಳವಾರ, ಮಟಮಟ ಮಧ್ಯಾಹ್ನ, ನಾನು ಸರಕಾರಿ ದಫ್ತರದಲ್ಲಿ ಕುಡುಕನಾದೆ.

ನಕ್ಕುಬಿಡಿ. ಊರೆಲ್ಲ ನಕ್ಕಾಗಿದೆ, ನೀವೊಬ್ಬರು ಯಾಕೆ ತುಟಿ ಬಿಗಿಹಿಡಿದು ಕೂರಬೇಕು? ನಲವತ್ತೆರಡು ವರ್ಷ ಬಾಳಿದ್ದೇನೆ. ಚಹಾ ಕುಡಿದರೂ ಅರ್ಧ ಕಪ್ಪು. ಕೆಮ್ಮಿಗೆಂದು ವೈದ್ಯರು ದ್ರಾಕ್ಷಾಸವ ಕೊಟ್ಟರೆ ಅದನ್ನೂ ಮೂಸಿ ನೋಡಿ ವಾಪಸು ಕಳಿಸಿದವನು. ಅಂಥವನ ಹೆಸರನ್ನು, ತಂದೆಯ ಹೆಸರಿನ ಸಮೇತ, ನಶೆಯಲ್ಲಿದ್ದವರ ರಿಜಿಸ್ಟರಿನಲ್ಲಿ ಬರೆದುಕೊಂಡರು. ಬರೆದವರು ಕಮಲಾಪುರ ರಸ್ತೆಯ ನಾಕಾದಲ್ಲಿ ಗಾಡಿ ತಡೆಯುವ ಪೊಲೀಸ್ ಜಮಾದಾರರು. ಬರೆಯುವ ಕೆಲಸ ಅವರಿಗೆ ಹಚ್ಚಿದವರು ಯಾರು ಗೊತ್ತೇ? ಈ ಅಂಕಣದ ಲೇಖಕರು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಸಂಕ್ರಾಂತಿ ಹೊತ್ತಿಗೆ ಒಬ್ಬ ಟಾಂಗಾವಾಲಾ ನನ್ನನ್ನು ಕಲಬುರಗಿ ಸ್ಟೇಷನ್ನಿಗೆ ಬಿಡುತ್ತೇನೆಂದು ಹತ್ತಿಸಿಕೊಂಡು, ಸೀದಾ ಕೆರೆಯ ದಂಡೆಗೆ ಒಯ್ದ. ಅವನಿಗೆ ಸೇಂದಿಯ ಅಮಲು ತಲೆಗೇರಿತ್ತು. ನನ್ನ ರೈಲು ಹೋಯಿತು, ಕೊಡೆ ಕೆರೆಗೆ ಬಿತ್ತು. ಮೈಯೆಲ್ಲ ಉರಿದುಹೋಗಿ ಇದೇ ಜಾಗದಲ್ಲಿ ಒಂದು ಲೇಖನ ಬರೆದೆ. ನಿಮಗೆ ನೆನಪಿರಬೇಕು (ಇಲ್ಲದಿದ್ದರೆ ದಯವಿಟ್ಟು ನನಗೆ ಹೇಳಬೇಡಿ). ಟಾಂಗಾಗಳನ್ನು ರಸ್ತೆಯಲ್ಲೇ ತಡೆಯಿರಿ, ಲಗಾಮು ಹಿಡಿದವನ ಬಾಯಿ ಮೂಸಿರಿ, ಗೆರೆ ಎಳೆದು ಅದರ ಮೇಲೆ ನಡೆಸಿರಿ, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿರಿ. ಫೇಲಾದರೆ ತೋಳಿನ ಹಿತ್ತಾಳೆ ಬಿಲ್ಲೆ ಕಿತ್ತುಕೊಳ್ಳಿರಿ. ಟಾಂಗಾವಾಲಾನಿಗೆ ಆ ಬಿಲ್ಲೆಯೇ ತಾನೇ ಲೈಸೆನ್ಸ್? ಅದು ಹೋದರೆ ಒಲೆ ಉರಿಯದು, ಆಗ ಬುದ್ಧಿ ಬರುತ್ತದೆ. ಹೀಗೆಲ್ಲ ಬರೆದು ಕೊಡೆಯ ಸಂಕಟ ತೀರಿಸಿಕೊಂಡೆ.

ಅಂಕಣಕಾರ ಬರೆದದ್ದನ್ನು ಸರಕಾರ ಎಂದಾದರೂ ಓದುತ್ತದೆಯೇ? ಇಲ್ಲ ಎಂಬ ಧೈರ್ಯದ ಮೇಲೇ ನಾವೆಲ್ಲ ಬರೆಯುವುದು. ಆದರೆ ನನ್ನ ಗ್ರಹಚಾರ, ಈ ಸಲ ಯಾರೋ ದೊಡ್ಡ ಸಾಹೇಬರು ಅದನ್ನು ನಮ್ಮ ಸಂಸ್ಥಾನದ ಸರಕಾರಿ ಭಾಷೆಯಾದ ಉರ್ದುವಿಗೆ ತರ್ಜುಮೆ ಮಾಡಿಸಿ ಓದಿದರಂತೆ. ಹುಕುಂ ಹೊರಟಿತು. ಬಾಯಿ ಮೂಸುವುದು, ಗೆರೆಯ ಮೇಲೆ ನಡೆಸುವುದು, ಹಿಂದಕ್ಕೆ ಎಣಿಸುವುದು, ಮೂರೂ ಟೆಸ್ಟ್ ನಾನು ಬರೆದ ಕ್ರಮದಲ್ಲೇ ಇದ್ದವು. ನಾನು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದೆ. ಹೆಂಡತಿಯ ಎದುರು ಎರಡು ವಾರ.

ಯುಗಾದಿಗೆ ಕಮಲಾಪುರದ ಅಕ್ಕ ಕರೆದಳು. ಹೋಗಲು ಬರಲು ಮಲ್ಲಪ್ಪನ ಟಾಂಗಾ. ಮಲ್ಲಪ್ಪ ನಮ್ಮ ಓಣಿಯವನೇ, ಇಪ್ಪತ್ತು ವರ್ಷದಿಂದ ಟಾಂಗಾ ಹೊಡೆಯುವವನು. ಅವನ ಮಗಳನ್ನು ಕಮಲಾಪುರಕ್ಕೇ ಕೊಟ್ಟಿದೆ, ತುಂಬಿದ ಗರ್ಭಿಣಿ. ನೋಡಿದ ಹಾಗೂ ಆಯಿತು, ಬಾಡಿಗೆಯೂ ಆಯಿತು ಎಂದು ಅವನೂ ಖುಷಿಯಿಂದ ಹೊರಟ.

ಹಬ್ಬ ಮುಗಿಸಿ ಸೋಮವಾರ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಅಕ್ಕ ಬುತ್ತಿ ಕಟ್ಟಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಣ್ಣಿನ ಗಡಿಗೆಯ ತುಂಬ ಸೀಕರಣಿ. ಕಮಲಾಪುರದ ಕೆಂಪು ಬಾಳೆಹಣ್ಣು ಕಿವುಚಿ, ಬೆಲ್ಲ ಏಲಕ್ಕಿ ಹಾಕಿ, ಗಡಿಗೆಯ ಬಾಯಿಗೆ ಎಲೆ ಮುಚ್ಚಿ, ಬಟ್ಟೆ ಕಟ್ಟಿ, ಮೇಲೆ ಸುತಳಿ ದಾರ ಬಿಗಿದಿದ್ದಳು. ಅಷ್ಟರಲ್ಲಿ ಮಲ್ಲಪ್ಪ ಓಡಿ ಬಂದ.

"ಮಾಸ್ತರ್, ಮೊಮ್ಮಗ ಹುಟ್ಟ್ಯಾನ್ರಿ. ಇವತ್ತೊಂದಿನ ಬಿಡ್ರಿ, ಕಾಲಿಗಿ ಬೀಳ್ತೀನಿ. ನಾಳಿ ಮುಂಜಾನಿ ಹೊಂಟ್ಬಿಡೋಣು."

ಮೊಮ್ಮಗ ಹುಟ್ಟಿದ ದಿನ ಅಜ್ಜನನ್ನು ಎಳೆದೊಯ್ಯುವುದಕ್ಕೆ ನಾನೇನು ರಾಕ್ಷಸನೇ? ಆಗಲಿ ಎಂದೆ.

ಮಂಗಳವಾರ ಬೆಳಿಗ್ಗೆ ಅಕ್ಕ ಅದೇ ಬುತ್ತಿಯನ್ನು ಎತ್ತಿ ಕೈಗೆ ಕೊಟ್ಟಳು. ರೊಟ್ಟಿ ವಾರ ಇರುತ್ತದೆ, ಸರಿ. ಸೀಕರಣಿಯನ್ನಾದರೂ ಇಳಿಸು ಎಂದೆ.

"ಕಟ್ಟಿದ ಬುತ್ತಿ ಬಿಚ್ಚಬಾರದು ತಮ್ಮಾ, ಹಾದಿ ಮುರೀತದ. ಹಾಲು ಹಾಕಿಲ್ಲ, ಬರೇ ಹಣ್ಣು ಬೆಲ್ಲ. ಏನೂ ಆಗಂಗಿಲ್ಲ, ಒಯ್ಯಿ."

ಅಕ್ಕ ಕಟ್ಟಿದ ಬುತ್ತಿಯನ್ನು ಬೇಡ ಎಂದ ತಮ್ಮ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ತೆಗೆದುಕೊಂಡೆ.

ಮಲ್ಲಪ್ಪನ ಕಣ್ಣು ಕೆಂಪಗಿದ್ದವು. ರಾತ್ರಿ ನಿದ್ದೆಗೆಟ್ಟಿರಬೇಕು ಎಂದುಕೊಂಡೆ. ಎರಡು ಹರದಾರಿ ಬಂದಿರಬೇಕು, ಅವನು ಟಾಂಗಾ ನಿಲ್ಲಿಸಿ ಇಳಿದ. ಎರಡೂ ಕೈಯಲ್ಲಿ ಲಗಾಮು ಹಿಡಿದು, ಪ್ರಸಾದ ಕೊಡುವವನ ಹಾಗೆ ನನ್ನ ಮುಂದೆ ಚಾಚಿದ.

"ಹಿಡೀರಿ ಮಾಸ್ತರ್. ಬೀಗರು ಬಿಡಲಿಲ್ರಿ, ನಿನ್ನಿದೂ ಕುಡಿಸ್ಯಾರ, ಇವತ್ತು ಮುಂಜಾನಿದೂ ಕುಡಿಸ್ಯಾರ. ಎರಡೆರಡು ರಸ್ತಾ ಕಾಣಾಕತ್ತಾವ. ಯಾವುದರ ಮ್ಯಾಲ ಹೊಡೀಲಿ ತಿಳೀವಲ್ದು."

"ನನಗ ಟಾಂಗಾ ಹೊಡ್ಯಾಕ ಬರಂಗಿಲ್ಲೋ ಮಾರಾಯ."

"ಹೊಡೀಬ್ಯಾಡ್ರಿ, ಸುಮ್ನ ಹಿಡೀರಿ. ಕುದುರಿಗಿ ರಸ್ತಾ ಗೊತ್ತದ. ನೀವು ಅದಕ್ಕ ಏನೂ ಕಲಿಸಾಕ ಹೋಗಬ್ಯಾಡ್ರಿ, ಅಷ್ಟ."

ಹದಿನೆಂಟು ವರ್ಷ ಮಾಸ್ತರಿಕೆ ಮಾಡಿದ ನನಗೆ ಏನೂ ಕಲಿಸಬೇಡ ಎಂದು ಮೊದಲ ಸಲ ಒಬ್ಬರು ಬಾಯಿಬಿಟ್ಟು ಹೇಳಿದರು. ನಾನು ಮುಂದೆ ಹೋಗಿ ಕೂತೆ. ಸೀಕರಣಿಯ ಗಡಿಗೆ ಉರುಳದಿರಲೆಂದು ಎರಡು ಪಾದಗಳ ನಡುವೆ ಇಟ್ಟುಕೊಂಡೆ. ಮಲ್ಲಪ್ಪ ಹಿಂದಿನ ಸೀಟಿನಲ್ಲಿ ಎರಡು ರೊಟ್ಟಿ, ಒಂದು ದೊಡ್ಡ ಉಳ್ಳಾಗಡ್ಡಿ ಕಚಕಚ ತಿಂದು ಮಲಗಿಬಿಟ್ಟ. ಅವನ ಮೇಲೆ ಸಿಟ್ಟು ಬಂತೇ? ಬಂತು. ಆದರೆ ನೋಡಿ, ಕೆರೆಗೆ ಒಯ್ದವನು ಹೀಗೆ ಇಳಿದು ಲಗಾಮು ಕೊಟ್ಟಿದ್ದರೆ ನನ್ನ ಕೊಡೆ ಉಳಿಯುತ್ತಿತ್ತು. ಹಾಗಂತ ಮನಸ್ಸಿನಲ್ಲಿ ಮಲ್ಲಪ್ಪನಿಗೆ ಒಂದು ನಂಬರು ಹೆಚ್ಚೇ ಕೊಟ್ಟೆ.

ಚೈತ್ರದ ಬಿಸಿಲು. ಗಡಿಗೆಯೊಳಗೆ ಏನೋ ಗುಳುಗುಳು ಎನ್ನುತ್ತಿತ್ತು. ನಾನು ಅಲುಗಾಟಕ್ಕೆ ಎಂದುಕೊಂಡೆ. ಮಹಾಗಾಂವ ಸಮೀಪಿಸಿತು. ದೂರದಲ್ಲಿ ರಸ್ತೆಗೆ ಅಡ್ಡ ಹಾಕಿದ ಬಿದಿರು ಕಾಣಿಸಿತು. ಅದೇ ಹೊತ್ತಿಗೆ ಚಕ್ರ ಒಂದು ತಗ್ಗಿನಲ್ಲಿ ಇಳಿದು ಎದ್ದಿತು, ಗಡಿಗೆಯ ಬಾಯಿ ಫಟ್ ಎಂದು ಬಿಚ್ಚಿಕೊಂಡಿತು. ಹಿಂದಿನ ದಿನದಿಂದ ಬೆಲ್ಲದ ಜೊತೆ ಕೊಳೆತ ಬಾಳೆಹಣ್ಣು ನೊರೆನೊರೆಯಾಗಿ ಮೇಲೆದ್ದು ನನ್ನ ಧೋತ್ರ, ಕೋಟು, ಮೀಸೆ ಎಲ್ಲವನ್ನೂ ತೋಯಿಸಿತು. ವಾಸನೆಯ ಬಗ್ಗೆ ಏನು ಹೇಳಲಿ? ಸೇಂದಿ ಅಂಗಡಿಯ ಹಿತ್ತಲು ಇದಕ್ಕಿಂತ ಮೇಲು.

"ಏ ಟಾಂಗಾ, ರೋಕೋ."

ಜಮಾದಾರರು ವಯಸ್ಸಾದವರು, ಮೆಹೆಂದಿ ಹಚ್ಚಿದ ಗಡ್ಡ, ಒಳ್ಳೆಯ ಮುಖ. ಹುಕುಂ ಪ್ರಕಾರ ಅವರು ನನ್ನ ಬಾಯಿಯ ಹತ್ತಿರ ಮೂಗು ತರಬೇಕು. ತರಲಿಲ್ಲ. ನಾಲ್ಕು ಮಾರು ದೂರದಲ್ಲೇ ನಿಂತು ತಲೆ ಅಲ್ಲಾಡಿಸಿದರು.

"ಗಡಿಗ್ಯಾಗ ಏನದ ಜನಾಬ್?"

"ಸೀಕರಣಿ ರೀ. ಅಕ್ಕ ಮಾಡಿ ಕೊಟ್ಟಾಳ."

ಅವರು ಹತ್ತಿರ ಬಂದು ನೊರೆಗೆ ಬೆರಳು ಅದ್ದಿ ನೆಕ್ಕಿದರು. ಕಣ್ಣು ಮುಚ್ಚಿದರು. ಖಾತ್ರಿಗಾಗಿ ಇನ್ನೊಮ್ಮೆ ಅದ್ದಿದರು.

"ಬಹುತ್ ಖೂಬ್. ನಿಮ್ಮ ಅಕ್ಕಾಗ ಅಬಕಾರಿ ಪರವಾನಗಿ ಅದಯೇನು?"

ಮೊದಲ ಟೆಸ್ಟ್ ಫೇಲು. ಎರಡನೆಯದಕ್ಕೆ ಅವರು ಬೆತ್ತದಿಂದ ಧೂಳಿನಲ್ಲಿ ಗೆರೆ ಎಳೆದರು. ಇಳಿದೆ. ಮೂರು ತಾಸು ಗಡಿಗೆಯನ್ನು ಪಾದದ ನಡುವೆ ಅವುಚಿ ಕೂತ ಕಾಲು ನೋಡಿ, ಎಡಗಾಲು ಜೋಮು ಹಿಡಿದು ನನ್ನದೇ ಎನ್ನಿಸುತ್ತಿರಲಿಲ್ಲ. ಮೊದಲ ಹೆಜ್ಜೆ ಗೆರೆಯ ಮೇಲೆ ಬಿತ್ತು. ಎರಡನೆಯದು ಜಮಾದಾರರ ಬೂಟಿನ ಮೇಲೆ.

"ಠೀಕ್ ಅದ. ಈಗ ಗಿನ್ತಿ. ಸೌ, ಅಂದ್ರ ನೂರರಿಂದ ಹಿಂದಕ್ಕ."

ಇದರಲ್ಲಿ ನನಗೆ ಧೈರ್ಯವಿತ್ತು. ಶಾಲೆಯಲ್ಲಿ ಗಣಿತವನ್ನೂ ನಾನೇ ಹೇಳುವುದು. ನೂರು, ತೊಂಬತ್ತೊಂಬತ್ತು ಎಂದು ಶುರು ಮಾಡಿದೆ. ಜಮಾದಾರರು ಕೈ ಎತ್ತಿದರು. "ಹಂಗಲ್ಲ. ಸರಕಾರಿ ಕೆಲಸ, ಸರಕಾರಿ ಜಬಾನದಾಗ ಆಗಬೇಕು."

ಉರ್ದುವಿನಲ್ಲಿ ಮುಂದಕ್ಕೆ ಎಣಿಸಿದರೇ ಬೆವರು ಬರುತ್ತದೆ, ಹಿಂದಕ್ಕೆ ಎಲ್ಲಿಂದ ಬರಬೇಕು? ಆದರೂ ಬಿಡಲಿಲ್ಲ. ದೇವರ ಹೆಸರು ಹೇಳಿ ತೊಂಬತ್ತರವರೆಗೆ, ಅಂದರೆ ನವ್ವೇತನಕ, ಇಳಿದೆ. ಅಲ್ಲಿ ಗಾಡಿ ನಿಂತಿತು. ಎಂಬತ್ತೊಂಬತ್ತಕ್ಕೆ ನವಾಸಿಯೋ, ಉನ್ನಾಸಿಯೋ? ಒಂದು ಎಂಬತ್ತೊಂಬತ್ತು, ಇನ್ನೊಂದು ಎಪ್ಪತ್ತೊಂಬತ್ತು, ಯಾವುದು ಯಾವುದೆಂದು ಈ ಸಂಸ್ಥಾನದಲ್ಲಿ ಎಷ್ಟು ಮಂದಿಗೆ ಗೊತ್ತು? ಉನ್ನಾಸಿ ಎಂದುಬಿಟ್ಟೆ.

"ನಡುವಿನ ಹತ್ತು ಎಲ್ಲಿ ಹೋದವು ಜನಾಬ್? ಅವನ್ನೂ ಕುಡದ್ರೇನು?"

ಈಗ ನನಗೆ ನಿಜಕ್ಕೂ ಭಯವಾಯಿತು. ಸರಕಾರಿ ಶಾಲೆಯ ಮಾಸ್ತರು ನಶೆಯಲ್ಲಿ ಸಿಕ್ಕಿಬಿದ್ದರೆ ನೌಕರಿ ಉಳಿಯುವುದಿಲ್ಲ. ಮನೆಯಲ್ಲಿ ಹೆಂಡತಿ, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಕುಡುಕ ಮಾಸ್ತರನ ಮಕ್ಕಳನ್ನು ಯಾರು ತಂದುಕೊಳ್ಳುತ್ತಾರೆ? ಕೊನೆಯ ಅಸ್ತ್ರ ತೆಗೆದೆ.

"ಜಮಾದಾರ ಸಾಹೇಬ್ರ, ಈ ಹುಕುಂ ಬರಾಕ ಕಾರಣ ನಾನ ರೀ. ಈ ಮೂರೂ ಟೆಸ್ಟ್ ಬರದಾಂವ ನಾನು."

ಅವರು ಕರುಣೆಯಿಂದ ನನ್ನ ಬೆನ್ನು ತಟ್ಟಿದರು. "ಹೌದು ಹೌದು. ಕುಡದವರೆಲ್ಲ ಹಿಂಗ ಅಂತಾರ. ಮೊನ್ನಿ ಒಬ್ಬಾಂವ ಈ ರಸ್ತಾ ಹಾಕಿಸಿದಾಂವ ನಮ್ಮಜ್ಜ ಅಂದ."

ಗಲಾಟೆಗೆ ಮಲ್ಲಪ್ಪನಿಗೆ ಎಚ್ಚರವಾಯಿತು. ಇಳಿದು ಬಂದು ಒಂದು ಕ್ಷಣ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ಸಾಹೇಬ್ರ, ಮಾಸ್ತರ್ ಕುಡಿಯೋ ಮಂದಿ ಅಲ್ರಿ. ಕುಡದಾಂವ ನಾನು."

ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಬಿಲ್ಲೆ ಹೋಗುತ್ತದೆ ಎಂದು ಗೊತ್ತಿದ್ದೂ ಹೇಳಿದನಲ್ಲ. ಆದರೆ ಜಮಾದಾರರಿಗೆ ಇಪ್ಪತ್ತೈದು ವರ್ಷದ ಸರ್ವಿಸಿನ ಅನುಭವವಿತ್ತು.

"ಕುಡದಾಂವ ಎಂದಾದ್ರೂ ಕುಡದೀನಿ ಅಂತಾನೇನು? ಇಷ್ಟು ವರ್ಷದಾಗ ಒಬ್ಬನೂ ಅಂದಿಲ್ಲ. ನೀ ಇವರ ಉಪ್ಪು ತಿಂದಿ, ಅದಕ್ಕ ಮೈಮ್ಯಾಲ ಹಾಕ್ಕೊಳ್ಳಾಕತ್ತಿ."

ಆದರೂ ನ್ಯಾಯ ನ್ಯಾಯವೇ. ಅವನಿಗೂ ಟೆಸ್ಟ್ ಮಾಡಿದರು. ಬಾಯಿ ಮೂಸಿದರು, ಉಳ್ಳಾಗಡ್ಡಿಯ ಘಾಟಿಗೆ ಎರಡು ಸಲ ಸೀನಿದರು. ಪಾಸ್. ಗೆರೆಯ ಮೇಲೆ ನಡೆಸಿದರು, ನೂಲು ಹಿಡಿದ ಹಾಗೆ ನಡೆದ. (ಇಪ್ಪತ್ತು ವರ್ಷ ಕುಡಿದೇ ಮನೆಗೆ ನಡೆದವನು. ಅವನ ಕಾಲಿಗೆ ಅಭ್ಯಾಸವಿದೆ, ನನ್ನ ಕಾಲಿಗೆ ಎಲ್ಲಿದೆ?) ಇನ್ನು ಎಣಿಕೆ. ಸ್ಟೇಷನ್ ಮುಂದೆ ದಿನಾ ಉರ್ದುವಿನಲ್ಲೇ ಬಾಡಿಗೆ ಚೌಕಾಸಿ ಮಾಡುವವನು, ಒಂದೊಂದೇ ಇಳಿಯುತ್ತ ಬರುವುದು ಅವನ ಹೊಟ್ಟೆಪಾಡು. ನೂರರಿಂದ ಒಂದರತನಕ ಸರ್ರನೆ ಇಳಿದು, ಮತ್ತೆ ಹೇಳಲೇ ಎಂದು ಕೇಳಿದ.

ರಿಪೋರ್ಟ್ ತಯಾರಾಯಿತು. ಮಾಸ್ತರು ನಶೆಯಲ್ಲಿದ್ದ. ನಶೆಯಲ್ಲೇ ಬಡ ಟಾಂಗಾವಾಲಾನ ಕೈಯಿಂದ ಲಗಾಮು ಕಸಿದುಕೊಂಡ. ಗಡಿಗೆ ಜಪ್ತಿ. ಅಷ್ಟೇ ಅಲ್ಲ, ಕುಡಿದವನ ಕೈಯಿಂದ ಲಗಾಮು ಬಿಡಿಸಿ ಕುಡಿಯದವನ ಕೈಗೆ ಕೊಡಬೇಕೆಂದು ಹುಕುಮಿನಲ್ಲಿತ್ತು. ಜಮಾದಾರರು ತಾವೇ ಕೈಯಾರೆ ಲಗಾಮನ್ನು ಮಲ್ಲಪ್ಪನಿಗೆ ಕೊಟ್ಟರು. ನನ್ನನ್ನು ಹಿಂದೆ ಕೂರಿಸಿ, ಬೀಳದಿರಲೆಂದು ನನ್ನದೇ ಉತ್ತರೀಯದಿಂದ ಕಂಬಿಗೆ ಕಟ್ಟಿದರು. ಹೀಗೆ ಕಾನೂನಿನ ರಕ್ಷಣೆಯಲ್ಲಿ ನಾನು ಊರು ಸೇರಿದೆ. ಊರು ಸೇರಿಸಿದ್ದು ಕುದುರೆ.

ಮರುದಿನ ಹೆಡ್ಮಾಸ್ತರರು ಕರೆದು, ಫೈಸಲಾ ಆಗುವತನಕ ಕ್ಲಾಸಿಗೆ ಬರುವುದು ಬೇಡ ಎಂದರು. ಹುಡುಗರಿಗೆ ಸುದ್ದಿ ಅದಕ್ಕಿಂತ ಮುಂಚೆಯೇ ತಿಳಿದಿತ್ತು. ಎದುರು ಮನೆಯವರು ನನ್ನ ಹೆಂಡತಿಗೆ ಮಜ್ಜಿಗೆ ಕಳಿಸಿದರು, ಯಜಮಾನರಿಗೆ ಕುಡಿಸಿರಿ, ಇಳಿಯುತ್ತದೆ ಎಂದು. ಆಕೆ ನನ್ನ ಮುಂದೆ ತಂಬಿಗೆ ಇಟ್ಟು, "ಇಷ್ಟು ಹೆಸರು ಬರೂದಿತ್ತಂದ್ರ ಖರೇನ ಕುಡದಿದ್ರೂ ಆಗ್ತಿತ್ತು ಬಿಡ್ರಿ, ಸುಖನಾದ್ರೂ ಇರ್ತಿತ್ತು" ಎಂದಳು. ನಗುತ್ತಲೇ ಅಂದಳು, ಆದರೆ ಒಳಗೆ ಹೋಗಿ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು. ಆ ಹತ್ತು ದಿನ ನಾನು ಅನ್ನ ರುಚಿಯಾಗಿ ಉಂಡಿಲ್ಲ.

ಹನ್ನೊಂದನೆಯ ದಿನ ಕಲಬುರಗಿಯ ಅದಾಲತ್ತು. ಮೊದಲು ಗಡಿಗೆ ತರಿಸಿದರು. ಖಾಲಿ. ಮಾಲನ್ನು ಇಲಿಗಳು ತಿಂದಿವೆ ಎಂದು ಚೀಟಿ ಅಂಟಿಸಿತ್ತು. (ಇಲಿಗಳು ಬೆರಳದ್ದಿ ತಿಂದಿರಬೇಕು, ಅಂಚಿನಲ್ಲಿ ಗುರುತು ಇತ್ತು.) ವಾಸನೆಗೆ ಸಾಕ್ಷಿ ಉಳಿಯಲಿಲ್ಲ. ಕಾಲು ಜೋಮು ಹಿಡಿದಿತ್ತು ಎಂದದ್ದನ್ನು ಮುನ್ಸಿಫ್ ಸಾಹೇಬರು ಒಪ್ಪಿದರು, ಅವರಿಗೂ ಕೂತು ಕೂತು ಆಗುತ್ತದಂತೆ. ಉಳಿದದ್ದು ಎಣಿಕೆ.

"ಇದು ಚಿಕ್ಕ ಮಕ್ಕಳಿಗೂ ಬರುವ ಲೆಕ್ಕ. ಮಾಸ್ತರಾಗಿ ನಿಮಗೆ ಬರಲಿಲ್ಲ ಎಂದರೆ ನಶೆ ಎನ್ನದೆ ಇನ್ನೇನು ಅನ್ನಲಿ? ಕೇಳಿ ಇಲ್ಲಿ" ಎಂದು ಸಾಹೇಬರು ತಾವೇ ಶುರು ಮಾಡಿದರು. ಸೌದಿಂದ ನವ್ವೇಗೆ ಗಂಭೀರವಾಗಿ ಇಳಿದರು. ನವಾಸಿ, ಅಠ್ಠಾಸಿ, ಸತ್ತಾಸಿ ಎಂದು ಎಂಬತ್ತರ ಓಣಿ ಹೊಕ್ಕು, ಅಸ್ಸಿ, ಅಂದರೆ ಎಂಬತ್ತು, ಮುಟ್ಟಿದರು. ಅಲ್ಲಿಂದ ಎಪ್ಪತ್ತೊಂಬತ್ತಕ್ಕೆ, ಉನ್ನಾಸಿಗೆ, ಇಳಿಯಬೇಕು. ಸಾಹೇಬರು ನವಾಸಿ ಎಂದರು.

ಮತ್ತೆ ಅಠ್ಠಾಸಿ, ಸತ್ತಾಸಿ. ಮತ್ತೆ ಅಸ್ಸಿ. ಮತ್ತೆ ನವಾಸಿ.

ಇಡೀ ಕೋರ್ಟಿಗೆ ಗೊತ್ತಾಯಿತು. ಯಾರು ಹೇಳಬೇಕು? ಸಾಹೇಬರಿಗೂ ಎಲ್ಲೋ ಸುತ್ತುತ್ತಿದ್ದೇನೆ ಎಂಬ ಅನುಮಾನ ಬಂದಿತ್ತು, ಆದರೆ ನಿಲ್ಲಿಸುವ ದಾರಿ ಗೊತ್ತಾಗಲಿಲ್ಲ. ಮೂರನೆಯ ಸುತ್ತಿನಲ್ಲಿ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಪೇಶಕಾರರು ಕೆಮ್ಮಿದರು. ಸಾಹೇಬರು ನಿಂತರು, ನೀರು ಕುಡಿದರು, ಕನ್ನಡಕ ಒರೆಸಿದರು.

"ಈ ಟೆಸ್ಟ್ ಭರವಸೆಗೆ ಯೋಗ್ಯವಲ್ಲ" ಎಂದು ಬರೆಸಿದರು.

ನನ್ನ ಜೀವ ಅರ್ಧ ಬಂತು. ಇನ್ನರ್ಧ ಲಗಾಮಿನ ಮೇಲಿತ್ತು. ಬಲವಂತದಿಂದ ಕಸಿದುಕೊಂಡದ್ದು ನಿಜವಾದರೆ, ಕುಡಿಯದೆ ಕಸಿದರೂ ಅಪರಾಧವೇ, ನೌಕರಿ ಹೋಗುವುದೇ. ಮಲ್ಲಪ್ಪನನ್ನು ಕರೆದರು. ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಿಲ್ಲೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿಕೊಂಡು ಬಂದಿದ್ದ.

"ಇವರು ನಿನ್ನ ಕೈಯಿಂದ ಲಗಾಮು ಕಸಿದರೇ?"

ಹೌದು ಎಂದರೆ ಅವನಿಗೆ ಏನೂ ಇಲ್ಲ. ರಿಪೋರ್ಟಿನಲ್ಲೇ ಹಾಗಿದೆ, ತಲೆ ಅಲ್ಲಾಡಿಸಿದರೂ ಸಾಕು, ಮನೆಗೆ ಹೋಗಬಹುದು.

"ಇಲ್ರಿ ಸಾಹೇಬ್ರ. ನಾನ ಇಳಿದು ಅವರ ಕೈಯಾಗ ಕೊಟ್ಟೀನಿ. ನಾ ಕುಡದಿದ್ದೆ. ಟಾಂಗಾದಾಗ ಒಬ್ಬ ಮನಷಾ ಇದ್ದ, ತಗ್ಗಿನ್ಯಾಗ ಹಾಕಿದ್ರ ಯಾರು ಹೊಣಿ?"

ಸಾಹೇಬರು ಅವನನ್ನು ಒಂದು ಗಳಿಗೆ ನೋಡಿದರು. ಇವನು ಒಳ್ಳೆಯವನು ಎಂದು ಸಾಹೇಬರ ಮುಖದಲ್ಲೇ ಬರೆದಿತ್ತು. ಆದರೆ ಅವರ ಮುಂದೆ ಕಾನೂನಿನ ಪುಸ್ತಕವೂ ತೆರೆದಿತ್ತು. ಹಾಳೆ ಮಗುಚಿದರು. ಮಾಸ್ತರು ನಿರ್ದೋಷಿ. ಟಾಂಗಾವಾಲಾ ಕುಡಿದದ್ದು ನಿಜ, ಆದರೆ ಆ ಹೊತ್ತಿಗೆ ಟಾಂಗಾ ಹೊಡೆಯುತ್ತಿರಲಿಲ್ಲ, ಹಾಗಾಗಿ ನಶೆಯ ಅಪರಾಧ ಲಾಗೂ ಆಗುವುದಿಲ್ಲ. ಆದರೆ ಬಿಲ್ಲೆ ಇಲ್ಲದವನ ಕೈಗೆ ಲಗಾಮು ಕೊಟ್ಟದ್ದು ಬೇರೆಯೇ ಅಪರಾಧ, ಅದನ್ನು ಅವನೇ ಒಪ್ಪಿಕೊಂಡಿದ್ದಾನೆ. ಎರಡು ತಿಂಗಳು ಬಿಲ್ಲೆ ಜಪ್ತಿ.

ಅಲ್ಲೇ, ನನ್ನ ಕಣ್ಣೆದುರಿಗೆ, ಅವನ ತೋಳಿನಿಂದ ಬಿಲ್ಲೆ ಬಿಚ್ಚಿಕೊಂಡರು. ದಾರ ಬಿಗಿದಿದ್ದ ಜಾಗದಲ್ಲಿ ಇಪ್ಪತ್ತು ವರ್ಷದ ಬಿಳಿ ಗೆರೆ ಇತ್ತು. ನಾನು ತಲೆ ತಗ್ಗಿಸಿದೆ. ಬಿಲ್ಲೆ ಕಿತ್ತುಕೊಳ್ಳಿರಿ ಎಂದು ಬರೆಯುವಾಗ ಅದರ ಕೆಳಗೆ ಒಂದು ತೋಳು ಇರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ನಾನು ಕ್ಲಾಸಿಗೆ ಮರಳಿದೆ. ಮಲ್ಲಪ್ಪ ಈಗ ದಾಲ್ ಬಜಾರಿನಲ್ಲಿ ತೊಗರಿ ಚೀಲ ಹೊರುತ್ತಾನೆ. ಬಿಲ್ಲೆ ಬೇಗ ಬಿಡಿಸಲೆಂದು ಅರ್ಜಿಯ ಮೇಲೆ ಅರ್ಜಿ ಬರೆದಿದ್ದೇನೆ. (ಎಲ್ಲ ಉರ್ದುವಿನಲ್ಲಿ, ಇನ್ನೊಬ್ಬರ ಕಡೆಯಿಂದ ಬರೆಸಿ.) ಕುದುರೆಯ ಹುಲ್ಲು ನಾನು ಹಾಕಿಸುತ್ತೇನೆ ಎಂದರೆ ಅವನು ಬೇಡ ಎನ್ನುತ್ತಾನೆ. ಹೆಂಡತಿ ಸಂಜೆ ಹುಲ್ಲನ್ನು ಸೀದಾ ಅವನ ಮನೆಗೇ ಕಳಿಸುತ್ತಾಳೆ, ಅದನ್ನು ಮಾತ್ರ ಕುದುರೆ ಬೇಡ ಎನ್ನುವುದಿಲ್ಲ.

ಈ ನಡುವೆ ಅದೇ ನಾಕಾದಲ್ಲಿ ಹೊಸ ಪದ್ಧತಿ ಬಂದಿದೆಯಂತೆ. ಪಕ್ಕದಲ್ಲೇ ಒಬ್ಬಳು ಉಳ್ಳಾಗಡ್ಡಿ ಮಾರಾಟಕ್ಕೆ ಕೂತಿದ್ದಾಳೆ. ಸೇಂದಿ ಕುಡಿದು ಬರುವ ಟಾಂಗಾವಾಲಾಗಳು ಒಂದು ಕೊಂಡು ಕಚ್ಚಿ, ಜೋರಾಗಿ ಚಾಟಿ ಬೀಸಿಕೊಂಡು, ಸಲಾಂ ಮಾಡಿ ದಾಟುತ್ತಾರೆ. ಎಲ್ಲರೂ ಪಾಸ್.

ಮೊನ್ನೆ ಬಜಾರಿನಲ್ಲಿ ಮಲ್ಲಪ್ಪ ಸಿಕ್ಕ. ಚೀಲ ಇಳಿಸಿ, ಬೆವರು ಒರೆಸಿಕೊಂಡು, ನನ್ನ ಮುಖ ಸಣ್ಣದಾದದ್ದು ನೋಡಿ ಅವನೇ ಸಮಾಧಾನ ಹೇಳಿದ.

"ಯಾಕ ಮನಸಿಗಿ ಹಚ್ಚಿಕೊಳ್ತೀರಿ ಮಾಸ್ತರ್. ನಿಮ್ಮ ನೌಕರಿ ಉಳೀತಲ್ಲ. ನನಗೂ ಒಂದು ಪಾಠ ಆತು."

"ಇನ್ನ ಕುಡೀಬಾರದು ಅಂತಲಾ?"

"ಅದಲ್ರಿ. ಕುಡದಾಗ ಲಗಾಮು ಬಿಡಬಾರದು ಅಂತ."

ಕಾನೂನಿನಿಂದ ಜನ ಪಾಠ ಕಲಿಯುವುದಿಲ್ಲ ಎಂದವರು ಯಾರು?